ಹಿಂಚಕ್ರದ ಸಸ್ಪೆನ್ಷನ್ ಮುಟ್ಟುವ ಮುಂಚೆ ಇದನ್ನೊಮ್ಮೆ ಓದಿ

ಸ್ವಿಫ್ಟ್‌ನ ಇಂಜಿನ್, ಗೇರ್‌ಬಾಕ್ಸ್ ಎತ್ತಿ ಹಿಂದೆ ಕೂರಿಸಿ ಸ್ಪೋರ್ಟ್ಸ್ ಕಾರು ಕಟ್ಟುತ್ತಿರುವವರಿಗಾಗಿ ಬರೆಯುತ್ತಿದ್ದೇನೆ. ಹಿಂಚಕ್ರ ಮೇಲೆದ್ದಾಗ ತಾನಾಗಿ ಪಕ್ಕಕ್ಕೆ ತಿರುಗಿಬಿಡುವ ಒಂದು ತಪ್ಪಿನಿಂದ ನನಗೆ ಹೋದದ್ದು ಒಂದೂವರೆ ಲಕ್ಷ. ಕೈಕಾಲು ಉಳಿದದ್ದು ಪುಣ್ಯ.

ನನ್ನದು ಪೈಪ್ ಚಾಸಿಸ್‌ನ ಎರಡು ಸೀಟಿನ ಗಾಡಿ, ಟ್ರ್ಯಾಕ್‌ಗೆ ಮಾತ್ರ. ಇಂಜಿನ್ ಜೊತೆ ಸ್ವಿಫ್ಟ್‌ನ ಮುಂದಿನ ಸಸ್ಪೆನ್ಷನ್ನೂ ಹಿಂದಕ್ಕೆ ಬಂದಿತ್ತು. ಹಿಂದಿನ ಚಕ್ರ ಎಡಬಲಕ್ಕೆ ತಿರುಗಬಾರದಲ್ಲ, ಅದಕ್ಕೆ ಚಕ್ರ ಹೊರಳಿಸುವ ಸ್ಟೀರಿಂಗ್ ರ‍್ಯಾಕನ್ನೇ ಲಾಕ್ ಮಾಡಿ ಫ್ರೇಮಿಗೆ ಬಿಗಿದಿದ್ದೆ. ನೋಡಲು ದರಿದ್ರ, ಓಡಲು ಚೆನ್ನಾಗಿತ್ತು.

ಆದರೂ, ಮೇಲೊಂದು ಕೆಳಗೊಂದು ತೋಳು ಚಕ್ರ ಹಿಡಿಯುವ ಡಬಲ್ ವಿಶ್‌ಬೋನ್ ಹುಚ್ಚು ಹತ್ತಿತು. ಪೀಣ್ಯದ ಕಡೆಯ ಫ್ಯಾಬ್ರಿಕೇಟರ್ ಒಬ್ಬರು, "ನೀವು ತಲೆ ಕೆಡಿಸ್ಕೋಬೇಡಿ ಸಾರ್, ನಾನಿದೀನಿ" ಅಂದರು. ವೆಲ್ಡಿಂಗ್ ನಿಜಕ್ಕೂ ಚೆಂದ. ಆದರೆ ಸೈಲೆನ್ಸರ್ ಪೈಪ್ ಅಡ್ಡ ಬರುತ್ತದೆಂದು ಚಕ್ರದ ದಿಕ್ಕು ಹಿಡಿದಿಡುವ ಟೈ ರಾಡನ್ನು ಗಿಡ್ಡ ಮಾಡಿ, ಜಾಗ ಸಿಕ್ಕಲ್ಲಿ ಬ್ರಾಕೆಟ್ ಕೂರಿಸಿದ್ದರು. ಲೋವರ್ ಆರ್ಮ್ (ಕೆಳಗಿನ ತೋಳು) 340 ಮಿ.ಮೀ., ಟೈ ರಾಡ್ 210. ಚಕ್ರ ಮೇಲೆದ್ದಾಗ ಎರಡೂ ಕಮಾನಿನಂತೆ ಚಲಿಸುತ್ತವೆ. ಗಿಡ್ಡ ರಾಡ್ ಚಕ್ರವನ್ನು ಬೇಗ ಒಳಕ್ಕೆಳೆಯುತ್ತದೆ. ನನ್ನ ರಾಡ್ ಆಕ್ಸಲ್‌ನ ಹಿಂದಿತ್ತು, ಹಾಗಾಗಿ ಚಕ್ರದ ಹಿಂಭಾಗ ಒಳಕ್ಕೆ, ಮೂತಿ ಹೊರಕ್ಕೆ.

ಸಾಲದ್ದಕ್ಕೆ ಹಳೇ ಸ್ಪ್ರಿಂಗನ್ನೇ ಲೋವರ್ ಆರ್ಮ್‌ನ ಒಳ ಕೀಲಿನಿಂದ 60% ದೂರದಲ್ಲಿ ಕೂರಿಸಿದ್ದರು. ಚಕ್ರಕ್ಕೆ ಸಿಗುವ ಬಿಗಿ ಆ ಅನುಪಾತದ ವರ್ಗ, ಅಂದರೆ 0.6 × 0.6 = 0.36. ಸ್ಟ್ರಟ್‌ನಲ್ಲಿದ್ದಾಗ (ಸ್ಪ್ರಿಂಗ್ ನೇರ ಚಕ್ರದ ಪಕ್ಕ ನಿಲ್ಲುವ ಕಂಬ ಅದು) ಸಿಗುತ್ತಿದ್ದ ಬಿಗಿಯಲ್ಲಿ ಸುಮಾರು ಮೂರನೇ ಒಂದು ಪಾಲು! ಹಿಂಭಾಗ ಹಾಸಿಗೆಯಂತೆ ಕುಸಿಯುತ್ತಿತ್ತು, ಕುಸಿದಷ್ಟೂ ಚಕ್ರ ತಿರುಗುತ್ತಿತ್ತು.

ಅಲೈನ್‌ಮೆಂಟ್ ಅಂಗಡಿಯಲ್ಲಿ ಎಲ್ಲಾ ಹಸಿರು ಬಂತು. ಬರದೇ ಇನ್ನೇನು, ನಿಂತ ಗಾಡಿ! ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ನಲ್ಲಿ ಎರಡನೇ ಸುತ್ತು, ಬಲತಿರುವು. ಎಡ ಹಿಂಚಕ್ರಕ್ಕೆ ಭಾರ ಬಿದ್ದದ್ದೇ ತಡ, ಹಿಂದಿನಿಂದ ಯಾರೋ ಸ್ಟೀರಿಂಗ್ ತಿರುಗಿಸಿದಂತಾಯಿತು. ಒಂದೂವರೆ ಸುತ್ತು ತಿರುಗಿ ಹುಲ್ಲಿನಲ್ಲಿ ನಿಂತೆ. ಫ್ಯಾಬ್ರಿಕೇಟರ್‌ಗೆ ಫೋನ್ ಮಾಡಿದರೆ "ಟೈರ್ ಸರಿಯಿಲ್ಲ ಸಾರ್" ಅಂದರು. ಆಮೇಲೆ ಫೋನೇ ಎತ್ತಲಿಲ್ಲ.

ಇದೇನು ಹೊಸ ರೋಗವಲ್ಲ. ಅಮೆರಿಕದ ಪಾಂಟಿಯಾಕ್ ಫಿಯೆರೊ ಕಾರು 1984ರ ಮಾಡೆಲ್ ಆಗಿ ಬಂದಾಗ, ಇನ್ನೊಂದು ಕಾರಿನ ಮುಂದಿನ ಸಸ್ಪೆನ್ಷನ್ನನ್ನು ಟೈ ರಾಡ್ ಸಮೇತ ಹಿಂದಕ್ಕೆ ಹಾಕಿದ್ದರು. ಅಲ್ಲೂ ಹಿಂಚಕ್ರ ಏರಿಳಿದಾಗ ತಿರುಗುತ್ತದೆಂಬ ದೂರಿತ್ತು. 1988ರ ಮಾಡೆಲ್‌ನಲ್ಲಿ ಹಿಂಚಕ್ರದ ಸಸ್ಪೆನ್ಷನ್ ವಿನ್ಯಾಸವನ್ನೇ ಬದಲಿಸಿದರು.

ಮನೆಗೆ ತಂದು ಸ್ಪ್ರಿಂಗ್ ಬಿಚ್ಚಿ, ಜಾಕ್‌ನಿಂದ ಚಕ್ರವನ್ನು 40 ಮಿ.ಮೀ. ಎತ್ತಿ, ರಿಮ್‌ನ ಮುಂದೆ ಹಿಂದೆ ಅಳೆದೆ. 5 ಮಿ.ಮೀ. ವ್ಯತ್ಯಾಸ, ಒಂದೇ ಚಕ್ರಕ್ಕೆ! ಅರ್ಧ ಗಂಟೆಯ ಕೆಲಸ. ಟ್ಯಾಕ್ (ಅಲ್ಲಲ್ಲಿ ಚುಕ್ಕೆ ವೆಲ್ಡ್) ಹಾಕಿದ ದಿನವೇ ಎದುರು ನಿಂತು ಇಷ್ಟು ಮಾಡಿಸಿ, ಮೇಲಕ್ಕೂ ಕೆಳಕ್ಕೂ. ಅಳತೆ ಒಪ್ಪುವವರೆಗೆ ಪೂರ್ತಿ ವೆಲ್ಡೂ ಬೇಡ, ಪೂರ್ತಿ ದುಡ್ಡೂ ಬೇಡ. ಟೈ ರಾಡ್ ಲೋವರ್ ಆರ್ಮ್‌ನ ಮಟ್ಟದಲ್ಲಿದ್ದರೆ ಅದರಷ್ಟೇ ಉದ್ದ, ಅದಕ್ಕೆ ಸಮಾನಾಂತರವಾಗಿರಲಿ. ಸೈಲೆನ್ಸರ್ ಅಡ್ಡ ಬಂದರೆ ಸೈಲೆನ್ಸರ್ ಬಗ್ಗಿಸಿ.

ನನ್ನ ಬ್ರಾಕೆಟ್ ಕತ್ತರಿಸಿದ್ದಾಯಿತು. ಹಳೇ ರ‍್ಯಾಕನ್ನು ಗುಜರಿಗೆ ಹಾಕಿಬಿಟ್ಟಿದ್ದೆ, ಈಗ ಇನ್ನೊಂದು ಹುಡುಕುತ್ತಿದ್ದೇನೆ.