12×4×2 ಅಡಿಯ ಎರೆಗೊಬ್ಬರದ ಚೀಲ: ಕೊಳ್ಳುವ ಮುನ್ನ, ತುಂಬುವ ಮುನ್ನ

ಎರೆಹುಳು ಬಿಟ್ಟು ಸಗಣಿ, ಕಸವನ್ನು ಗೊಬ್ಬರ ಮಾಡಲು ಕೃಷಿ ಸಾಮಗ್ರಿ ಅಂಗಡಿಗಳಲ್ಲಿ ‘ವರ್ಮಿಬೆಡ್’ ಎಂದು ಮಾರುವ ಎಚ್‌ಡಿಪಿಇ (ನೇಯ್ದ ಗಟ್ಟಿ ಪ್ಲಾಸ್ಟಿಕ್) ಚೀಲ ಎರಡು–ಮೂರು ದನ ಕಟ್ಟಿಕೊಂಡಿರುವ ಸಾವಯವ ರೈತರಿಗೆ ಒಳ್ಳೆಯ ವಸ್ತು. ಗುತ್ತಿಗೆ ಜಮೀನು ಮಾಡುವವರಿಗಂತೂ ಸಿಮೆಂಟ್ ತೊಟ್ಟಿಗಿಂತ ಇದೇ ಸರಿ. ಜಮೀನು ಬಿಡುವಾಗ ಮಡಚಿಕೊಂಡು ಹೋಗಬಹುದು. ಆದರೂ ಎಷ್ಟೋ ಕಡೆ ಒಂದೇ ಸುತ್ತು ಬಳಸಿ ಮೂಲೆಗೆ ಸೇರಿದ ಚೀಲಗಳು ಕಾಣುತ್ತವೆ. ಕಾರಣ ಕೇಳಿದರೆ ‘ಹುಳ ಎಲ್ಲ ಸತ್ತವು’ ಎನ್ನುತ್ತಾರೆ. ಹೀಗೆ ಸತ್ತದ್ದು ಬಹುಪಾಲು ಸಗಣಿಯ ಬಿಸಿಗೆ, ಇಲ್ಲವೇ ತಳದಲ್ಲಿ ನಿಂತ ನೀರಿಗೆ. ಎರಡನ್ನೂ ತಡೆಯುವುದು ನಮ್ಮ ಕೈಯಲ್ಲೇ ಇದೆ.

ಮೊದಲು ಕೊಳ್ಳುವ ಮಾತು. ಈ ಚೀಲಕ್ಕೆ ಐಎಸ್ 15907:2010 ಎಂಬ ಭಾರತೀಯ ಮಾನಕ ಇದೆ. ತೋಟಗಾರಿಕೆ ಯೋಜನೆಯ ಸಹಾಯಧನಕ್ಕೂ 96 ಘನ ಅಡಿಯ, ಈ ಮಾನಕದ ಚೀಲವನ್ನೇ ಹೇಳಿದ್ದಾರೆ. ಹಾಗಾಗಿ ಚೀಲದ ಮೇಲೆ ಆ ಸಂಖ್ಯೆ ಮತ್ತು ಐಎಸ್‌ಐ ಗುರುತು ಅಚ್ಚಾಗಿದೆಯೇ ನೋಡಿ, ಬಿಲ್ಲಿನಲ್ಲೂ ಬರೆಸಿಕೊಳ್ಳಿ. ಬಟ್ಟೆಯ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ಎಂದು. ಈ ಸಂಖ್ಯೆಯನ್ನು ಬಾಯಿಮಾತಿಗೆ ನಂಬಬೇಕಿಲ್ಲ, ತಕ್ಕಡಿ ಇದ್ದರೆ ಸಾಕು. ಈ ಅಳತೆಯ ಚೀಲದ ತಳ 48 ಚದರ ಅಡಿ, ನಾಲ್ಕು ಪಕ್ಕ ಸೇರಿ 64 ಚದರ ಅಡಿ, ಒಟ್ಟು 112 ಚದರ ಅಡಿ, ಅಂದರೆ ಸುಮಾರು 10.4 ಚದರ ಮೀಟರ್. 350 ಜಿಎಸ್‌ಎಂ ಎಂದರೆ ಬಟ್ಟೆಯೊಂದೇ 3.6 ಕೆಜಿಯಷ್ಟು ತೂಗಬೇಕು. ಅಂಚಿನ ಮಡಿಕೆ, ಗೂಟ ತೂರಿಸುವ ಜೇಬು ಸೇರಿದರೆ ಇನ್ನೂ ಸ್ವಲ್ಪ ಹೆಚ್ಚು. 350 ಎಂದು ಹೇಳಿ ಕೊಟ್ಟ ಚೀಲ ಎರಡೂವರೆ ಕೆಜಿ ತೂಗಿದರೆ ಅದು 250ರ ಆಸುಪಾಸಿನ ಬಟ್ಟೆ. ಅಲ್ಲೇ ವಾಪಸ್ ಕೊಡಿ.

ಬಟ್ಟೆಗಿಂತ ಮೊದಲು ಕೈಕೊಡುವುದು ಹೊಲಿಗೆ. ತಳದ ನಾಲ್ಕು ಮೂಲೆ ಮತ್ತು ಗೂಟದ ಜೇಬುಗಳ ತುದಿ ಎರಡು ಸಾಲು ಹೊಲಿಗೆ ಹಾಕಿದ್ದಾಗಿರಬೇಕು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದಾಗ ಸೂಜಿಯ ತೂತು ಉದ್ದವಾಗಿ ಬಾಯಿ ಬಿಟ್ಟರೆ ಆ ಚೀಲ ಒಂದು ಟನ್ ಹಸಿ ಸರಕನ್ನು ತಾಳುವುದಿಲ್ಲ. ಪಕ್ಕದಲ್ಲಿ ಗಾಳಿಗೆಂದು ಬಲೆಯ ಕಿಟಕಿಗಳಿರುತ್ತವೆ. ಬಲೆಯ ಕಣ್ಣು ಸಣ್ಣದಿರಬೇಕು. ಬೆಂಕಿಕಡ್ಡಿ ಸಲೀಸಾಗಿ ತೂರಿದರೆ ಮರಿಹುಳುಗಳೂ ತೂರಿಕೊಂಡು ಹೊರಗೆ ಬರುತ್ತವೆ. ಎರೆಜಲ, ಅಂದರೆ ಸರಕಿನಿಂದ ಬಸಿಯುವ ದ್ರವ, ಇಳಿಯುವ ಕೊಳವೆ ತಳದ ಮಟ್ಟದಲ್ಲೇ ಇದೆಯೇ ನೋಡಿ. ಒಂದೆರಡು ಇಂಚು ಮೇಲೆ ಹೊಲಿದಿದ್ದರೆ ಅಷ್ಟು ನೀರು ಯಾವಾಗಲೂ ತಳದಲ್ಲೇ ಉಳಿಯುತ್ತದೆ, ಗಾಳಿ ಸತ್ತು ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ.

ಜಾಗ ನೆರಳಿನದ್ದಾಗಿರಬೇಕು. ಮರದ ನೆರಳಾದರೆ ಬೇರು ಮತ್ತು ಉದುರಿದ ಮುಳ್ಳಿನ ಕಡೆ ಗಮನ ಇರಲಿ. ಸೋಗೆ ಅಥವಾ ಶೇಡ್‌ನೆಟ್ ಚಪ್ಪರ ಇನ್ನೂ ಒಳ್ಳೆಯದು. ಬಿಸಿಲಿಗೆ ಬಿದ್ದ ಚೀಲಕ್ಕೆ ಎರಡು ಕಷ್ಟ. ಒಳಗೆ ಹುಳುಗಳಿಗೆ ಕಾವು, ಹೊರಗೆ ಬಟ್ಟೆ ಸುಟ್ಟು ಪುಡಿಯಾಗುವುದು. ನೆಲದ ಕಲ್ಲು, ಕೂಳೆ ಕಿತ್ತು ಮಟ್ಟ ಮಾಡಿ, ಕೊಳವೆ ಇರುವ ತುದಿಗೆ 12 ಅಡಿಯಲ್ಲಿ 2–3 ಇಂಚು ಇಳಿಜಾರು ಕೊಡಿ. ಮೇಲೆ ಒಂದು ಇಂಚು ಮರಳು ಹರಡಿದರೆ ತಳಕ್ಕೆ ತೂತು ಬೀಳುವುದು ಕಡಿಮೆ. ಕೊಳವೆಯ ಕೆಳಗೆ ಬಕೆಟ್ ಕೂರುವಷ್ಟು ಗುಂಡಿ ತೆಗೆಯಬೇಕು. ಇದನ್ನು ಚೀಲ ತುಂಬಿದ ಮೇಲೆ ಮಾಡಲು ಆಗುವುದಿಲ್ಲ.

ಗೂಟದ ವಿಷಯದಲ್ಲಿ ಜಿಪುಣತನ ಬೇಡ. ಮೂರು ಅಡಿಗೊಂದರಂತೆ ಉದ್ದದ ಪ್ರತಿ ಪಕ್ಕಕ್ಕೆ ಐದು ಬೇಕು. ನೆಲದೊಳಗೆ ಕನಿಷ್ಠ ಒಂದು ಅಡಿ ಹೂಳಿ. ಹಸಿ ಸರಕಿನ ಒತ್ತಡಕ್ಕೆ ನಡುವಿನ ಭಾಗ ಹೊಟ್ಟೆ ಬಿಡುವುದು ಸಾಮಾನ್ಯ; ಎದುರುಬದುರಿನ ನಡುಗೂಟಗಳ ತಲೆಗೆ ಅಡ್ಡಲಾಗಿ ಹಗ್ಗ ಬಿಗಿದರೆ ನಿಲ್ಲುತ್ತದೆ. ಬಿದಿರಿನ ಬುಡಕ್ಕೆ ಗೆದ್ದಲು ಬಾರದಿರಲಿ ಎಂದು ಬಳಸಿ ಬಿಟ್ಟ ಎಂಜಿನ್ ಆಯಿಲ್ ಬಳಿಯುವ ಅಭ್ಯಾಸ ಹಲವರಿಗಿದೆ. ಸಾವಯವ ಜಮೀನಿನಲ್ಲಿ ಅದು ಬೇಡವೇ ಬೇಡ. ಬುಡವನ್ನು ಬೆಂಕಿಯಲ್ಲಿ ಕಪ್ಪಗೆ ಸುಟ್ಟು ಹೂಳಿ, ಇಲ್ಲವೇ ಕಬ್ಬಿಣದ ಪೈಪ್ ಬಳಸಿ.

ಈಗ ಮುಖ್ಯ ವಿಷಯ. ಚೀಲದ ಜೊತೆ ಬರುವ ಚೀಟಿಯಲ್ಲಿ ‘ಸಗಣಿ ಮತ್ತು ಕಸ ಪದರ ಪದರವಾಗಿ ತುಂಬಿ, ಹುಳು ಬಿಡಿ’ ಎಂದಷ್ಟೇ ಇರುತ್ತದೆ. ಆ ಎರಡು ಕೆಲಸಗಳ ನಡುವೆ ಮೂರು ವಾರ ಇರಬೇಕು ಎಂಬುದನ್ನು ಬರೆದಿರುವುದಿಲ್ಲ. ಹಸಿ ಸಗಣಿ, ಸೊಪ್ಪು ಸೇರಿಸಿದ ರಾಶಿ ಒಳಗೊಳಗೇ 55–60 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಎರೆಹುಳು 35 ಡಿಗ್ರಿ ದಾಟಿದರೆ ಉಳಿಯುವುದಿಲ್ಲ. ಆದ್ದರಿಂದ ಚೀಲದ ಹೊರಗೆ, ನೆರಳಿನಲ್ಲಿ, ಮೂರು ಅಡಿ ಎತ್ತರದ ರಾಶಿ ಹಾಕಿ, ನೀರು ಚಿಮುಕಿಸಿ, 15ರಿಂದ 20 ದಿನ ಬಿಡಿ. ನಡುವೆ ಎರಡು ಸಲ ಮಗುಚಬೇಕು, ಹೊರಗಿನದ್ದು ಒಳಗೆ ಹೋಗುವಂತೆ. ಈ ಬಿಸಿಯಿಂದ ಇನ್ನೊಂದು ಲಾಭವಿದೆ: ಬಹಳಷ್ಟು ಕಳೆಬೀಜ ಸಾಯುತ್ತವೆ. ಎರೆಹುಳುವಿನ ಹಾಸಿಗೆ ಕಾಯುವುದೇ ಇಲ್ಲವಾದ್ದರಿಂದ ಅಲ್ಲಿಗೆ ಹೋದ ಬೀಜ ಜೀವಂತವಾಗಿಯೇ ಹೊಲ ಸೇರುತ್ತದೆ. ಪಾರ್ಥೇನಿಯಂ ಹಾಕುವುದಿದ್ದರೆ ಹೂ ಬಿಡುವ ಮುಂಚೆ ಕಿತ್ತದ್ದು ಮಾತ್ರ.

ರಾಶಿ ತಣ್ಣಗಾಯಿತೇ ಎಂದು ಮೇಲಿನಿಂದ ಮುಟ್ಟಿ ನೋಡಬೇಡಿ. ಕಬ್ಬಿಣದ ಸರಳನ್ನು ನಡುವಿಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ಬೆಚ್ಚಗಿದ್ದರೆ ಇನ್ನೂ ಕಾಯಬೇಕು. ತುಂಬಿದ ಮೇಲೂ ಎಲ್ಲ ಹುಳುಗಳನ್ನು ಒಮ್ಮೆಲೇ ಬಿಡದೆ ಒಂದು ಮೂಲೆಯಲ್ಲಿ ಒಂದು ಹಿಡಿ ಬಿಟ್ಟು ಮರುದಿನ ಕೆದಕಿ. ಒಳಗೆ ಇಳಿದು ಚುರುಕಾಗಿದ್ದರೆ ಉಳಿದವನ್ನೂ ಬಿಡಬಹುದು. ಮೇಲೆಯೇ ಗುಂಪುಗೂಡಿದ್ದರೆ, ಅಥವಾ ಬಲೆ ಹತ್ತಿದ್ದರೆ, ಒಳಗೆ ಇನ್ನೂ ಕಾವು ಅಥವಾ ಅಮೋನಿಯಾ ಇದೆ.

ತಳಕ್ಕೆ ಮೂರು ಇಂಚು ತೆಂಗಿನ ಸಿಪ್ಪೆ, ಕಬ್ಬಿನ ರವದಿ ಅಥವಾ ಜೋಳದ ದಂಟಿನ ತುಂಡು. ಅದು ನೀರು ಬಸಿಯುವ ದಾರಿ. ಅದರ ಮೇಲೆ ಅರೆಕೊಳೆತ ಸರಕು. ತೂಕದಲ್ಲಿ ಸಗಣಿ 60, ಕೃಷಿ ತ್ಯಾಜ್ಯ 40 ಇದ್ದರೆ ಹದ. ಒಟ್ಟು ಎತ್ತರ ಒಂದೂವರೆ ಅಡಿ ದಾಟಬಾರದು. ಎರಡು ಅಡಿ ತುಂಬಿದರೆ ಕಿಟಕಿಗೆ ಸರಕು ಒತ್ತಿ ಗಾಳಿ ನಿಲ್ಲುತ್ತದೆ, ತನ್ನ ಭಾರಕ್ಕೇ ಕೆಳಪದರ ಗಟ್ಟಿಯಾಗುತ್ತದೆ. ಒಂದೂವರೆ ಅಡಿಗೆ ಸರಿಸುಮಾರು 1200–1300 ಕೆಜಿ ಸರಕು ಹಿಡಿಸುತ್ತದೆ. ಇದಕ್ಕೆ 3 ಕೆಜಿ ಹುಳು ಸಾಕು. ಹುಳುವನ್ನು ಗೊಬ್ಬರ ಸಮೇತ ತೂಗಿ ಮಾರುವವರಿದ್ದಾರೆ. ಒಂದು ಬೊಗಸೆ ತೆಗೆದು ಪೇಪರ್ ಮೇಲೆ ಬಿಡಿಸಿ, ಹುಳು ಎಷ್ಟು, ಮಣ್ಣು ಎಷ್ಟು ಎಂದು ನೋಡಿಯೇ ಕೊಳ್ಳಿ.

ಯಾವ ಹುಳು? ಚೀಲಕ್ಕೆ ಐಸೀನಿಯಾ ಫೆಟಿಡಾ ಒಗ್ಗುತ್ತದೆ. ಕೆಂಪು ಮೈ, ಅಡ್ಡ ಪಟ್ಟೆ ಇರುವುದು. ಚಳಿಯನ್ನೂ ಸ್ವಲ್ಪ ಕಾವನ್ನೂ ತಡೆದುಕೊಂಡು ಮೇಲ್ಪದರದಲ್ಲೇ ಇರುತ್ತದೆ. ಆಫ್ರಿಕಾದ ಯೂಡ್ರಿಲಸ್ ಯೂಜೀನಿಯೇ ದಪ್ಪವಾಗಿ ಬೆಳೆಯುತ್ತದೆ, ಬೇಗ ತಿನ್ನುತ್ತದೆ. ಆದರೆ ಚಳಿಗೆ ಸೊರಗುತ್ತದೆ, ಮಳೆಯ ರಾತ್ರಿ ಚೀಲದ ಗೋಡೆ ಹತ್ತಿ ಹೊರಟುಬಿಡುತ್ತದೆ. ನಮ್ಮದೇ ನೆಲದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್‌ಗೂ ಈ ಅಲೆದಾಟದ ಚಾಳಿ ಇದೆ.

ನೀರನ್ನು ದಿನಕ್ಕಿಷ್ಟು ಲೀಟರ್ ಎಂಬ ಲೆಕ್ಕ ಹಿಡಿದು ಸುರಿಯಬೇಡಿ. ಪ್ಲಾಸ್ಟಿಕ್ ಚೀಲದ ಪಕ್ಕಗಳಿಂದ ನೀರು ಆರುವುದಿಲ್ಲ, ಇಟ್ಟಿಗೆ ತೊಟ್ಟಿಯ ಲೆಕ್ಕ ಇಲ್ಲಿ ನಡೆಯದು. ಅರ್ಧ ಅಡಿ ಒಳಗಿನಿಂದ ಒಂದು ಹಿಡಿ ತೆಗೆದು ಗಟ್ಟಿಯಾಗಿ ಹಿಂಡಿ. ಬೆರಳ ಸಂದಿನಲ್ಲಿ ಒಂದೆರಡು ಹನಿ ಮೂಡಿದರೆ ಹದ. ಧಾರೆ ಇಳಿದರೆ ನೀರು ನಿಲ್ಲಿಸಿ, ಹನಿಯೇ ಬಾರದಿದ್ದರೆ ರೋಸ್‌ಕ್ಯಾನಿನಲ್ಲಿ ಚಿಮುಕಿಸಿ. ಮೇಲೆ ಒದ್ದೆ ಗೋಣಿ ಹೊದಿಸಿ, ಪ್ಲಾಸ್ಟಿಕ್ ಹಾಳೆ ಬೇಡ. ಇರುವೆಗೆ ಸುತ್ತ ಬೂದಿ ಚೆಲ್ಲುವುದು ಒಣಗಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ನಾಲ್ಕು ಇಂಚು ಅಗಲದ ನೀರಿನ ಕಾಲುವೆ ಮಾಡಿದರೆ ವರ್ಷಪೂರ್ತಿ ಚಿಂತೆಯಿಲ್ಲ. ಕೋಳಿ ಸಾಕಿದವರು ಬಲೆ ಮುಚ್ಚದೆ ಹೋದರೆ ಬೆಳಗಾಗುವುದರೊಳಗೆ ಮೇಲ್ಪದರ ಖಾಲಿ.

ಕೊಳವೆಯಿಂದ ಇಳಿಯುವುದನ್ನೆಲ್ಲ ಎರೆಜಲ ಎಂದು ಬಾಟಲಿಗೆ ತುಂಬುವುದು ಸರಿಯಲ್ಲ. ಮೊದಲ ನಾಲ್ಕೈದು ವಾರ ಬರುವುದು ಅರೆಕೊಳೆತ ಸಗಣಿಯ ಬಸಿನೀರು, ಕಪ್ಪಗೆ, ನಾತದ್ದು. ಅದನ್ನು ಮತ್ತೆ ತಿಪ್ಪೆಗೆ ಸುರಿಯಿರಿ. ಹಸಿಯಾಗಿ ತಿನ್ನುವ ಸೊಪ್ಪು, ತರಕಾರಿಗೆ ಎಂದೂ ಸಿಂಪಡಿಸಬೇಡಿ, ರೋಗಾಣು ಇರಬಹುದು. ಗೊಬ್ಬರ ಮಾಗಿದ ಮೇಲೆ ಇಳಿಯುವ, ಚಹಾದ ಬಣ್ಣದ, ವಾಸನೆಯಿಲ್ಲದ ದ್ರವವನ್ನು ಹತ್ತು ಪಟ್ಟು ನೀರು ಬೆರೆಸಿ ಬಳಸಬಹುದು.

ಕೊಟ್ಟಿಗೆಯಲ್ಲಿ ನಡೆದದ್ದೆಲ್ಲ ಚೀಲದಲ್ಲಿ ಕಾಣಿಸಿಕೊಳ್ಳುತ್ತದೆ. ದನಕ್ಕೆ ಐವರ್‌ಮೆಕ್ಟಿನ್‌ನಂಥ ಜಂತುನಾಶಕ ಕೊಟ್ಟರೆ ಅದರ ಹೆಚ್ಚಿನ ಪಾಲು ಸಗಣಿಯಲ್ಲೇ ಹೊರಬೀಳುತ್ತದೆ. ಔಷಧ ಕೊಟ್ಟ ದಿನದಿಂದ ಕನಿಷ್ಠ ಎರಡು ವಾರದ ಸಗಣಿಯನ್ನು ಬೇರೆ ತಿಪ್ಪೆಗೆ ಹಾಕಿ. ಫಿನಾಯಿಲ್, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದ ನೀರು ರಾಶಿಯ ಕಡೆ ಹರಿಯದಂತೆ ನೋಡಿಕೊಳ್ಳಿ. ಗಂಜಲ ಬೇರೆ ಕಡೆ ಉಪಯುಕ್ತ, ಇಲ್ಲಿ ಅಲ್ಲ. ಅದರ ಅಮೋನಿಯಾ ಮತ್ತು ಉಪ್ಪು ಎರಡೂ ಹುಳುವಿಗೆ ಆಗದು. ಕೋಳಿಗೊಬ್ಬರದ್ದೂ ಇದೇ ದೋಷ. ಬಳಸುವುದಾದರೆ ಚೆನ್ನಾಗಿ ಕಳಿತದ್ದನ್ನು ಸ್ವಲ್ಪವೇ ಸೇರಿಸಿ.

60ರಿಂದ 75 ದಿನಕ್ಕೆ ಮೇಲ್ಭಾಗ ಚಹಾಪುಡಿಯಂತೆ ಕಾಳುಕಾಳಾಗುತ್ತದೆ. ನೀರು ನಿಲ್ಲಿಸಿ ಐದು ದಿನ ಬಿಟ್ಟರೆ ಹುಳು ಕೆಳಗಿಳಿಯುತ್ತದೆ. ಮೇಲಿನಿಂದ ಕೈಯಲ್ಲೋ ಮರದ ಹಲಗೆಯಲ್ಲೋ ಬಾಚಿ ತೆಗೆಯಿರಿ. ಸಲಿಕೆ, ಗುದ್ದಲಿ ಚೀಲದ ಹತ್ತಿರ ಬರಬಾರದು, ತಳ ಹರಿಯುವುದು ಬಹುತೇಕ ಈ ಹೊತ್ತಿನಲ್ಲೇ. ಮಾರುವ ಉದ್ದೇಶವಿದ್ದರೆ ರಸಗೊಬ್ಬರ ನಿಯಂತ್ರಣ ಆದೇಶದ ಮಟ್ಟ ನೆನಪಿರಲಿ: ತೇವಾಂಶ ಶೇ 15ರಿಂದ 25, ಶೇ 90ರಷ್ಟು 4 ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕು, ಸಾರಜನಕ ಕನಿಷ್ಠ ಶೇ 1.

ಇಳುವರಿಯ ಬಗ್ಗೆ ಮಾರಾಟಗಾರರ ಮಾತನ್ನು ಅರ್ಧಕ್ಕೆ ಇಳಿಸಿಕೊಳ್ಳುವುದು ಕ್ಷೇಮ. ಹಾಕಿದ್ದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಸುತ್ತಿಗೆ 500–600 ಕೆಜಿ ಬರುತ್ತದೆ. ವರ್ಷಕ್ಕೆ ನಾಲ್ಕು ಸುತ್ತು ಹಿಡಿದರೆ ಎರಡು ಟನ್ನಿನ ಮೇಲೆ ಸ್ವಲ್ಪ. ಎಕರೆಗೆ ಎರಡು ಟನ್ ಎಂಬ ಸಾಮಾನ್ಯ ಶಿಫಾರಸಿಗೆ ಒಂದು ಚೀಲ ಒಂದು ಎಕರೆ. ಆ ಎರಡು ಟನ್ನಿನಲ್ಲಿ ಸಾರಜನಕ 20 ಕೆಜಿ ಆಸುಪಾಸು, ಅದೂ ನಿಧಾನವಾಗಿ ಬಿಡುಗಡೆಯಾಗುವಂಥದ್ದು. ಮೆಕ್ಕೆಜೋಳ, ಕಬ್ಬಿನಂಥ ಹೊಟ್ಟೆಬಾಕ ಬೆಳೆಗೆ ಇದು ಸಾಲದು. ಸೆಣಬು, ಡಯಾಂಚದಂಥ ಹಸಿರೆಲೆ ಗೊಬ್ಬರ, ದ್ವಿದಳ ಬೆಳೆ ಮತ್ತು ಕೊಟ್ಟಿಗೆ ಗೊಬ್ಬರ ಜೊತೆಗಿರಲೇಬೇಕು. ಸಸಿಮಡಿ, ತರಕಾರಿ ಗುಣಿ, ಕುಂಡಗಳಲ್ಲಿ ಎರೆಗೊಬ್ಬರ ಅದರ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಸಾವಯವ ಪ್ರಮಾಣೀಕರಣಕ್ಕೆ ಹೊರಟವರಿಗೆ ಒಂದು ಎಚ್ಚರಿಕೆ. ಬೇಗ ಕೊಳೆಯಲಿ ಎಂದು ರಾಶಿಗೆ ಯೂರಿಯಾ ಅಥವಾ ಸೂಪರ್ ಫಾಸ್ಫೇಟ್ ಚಿಮುಕಿಸುವ ಸಲಹೆ ಕೆಲವರು ಕೊಡುತ್ತಾರೆ. ಒಂದು ಮುಷ್ಟಿ ಹಾಕಿದರೂ ಆ ಗೊಬ್ಬರ ಸಾವಯವ ಹೊಲಕ್ಕೆ ನಿಷಿದ್ಧ. ಹೊರಗಿನ ಸಗಣಿ, ಹುಲ್ಲು, ಹುಳು ತರುವ ಮುನ್ನ ಪ್ರಮಾಣೀಕರಣ ಸಂಸ್ಥೆಯನ್ನು ಕೇಳಿ ಒಪ್ಪಿಗೆಯನ್ನು ಬರಹದಲ್ಲೇ ಪಡೆಯಿರಿ. ಕಳೆನಾಶಕ ಹೊಡೆದ ಹೊಲದ ಹುಲ್ಲು ತಂದರೆ ಕೆಲವು ಕಳೆನಾಶಕಗಳು ದನದ ಹೊಟ್ಟೆ ದಾಟಿ ಗೊಬ್ಬರದಲ್ಲೂ ಉಳಿದು ಟೊಮೆಟೊ, ಹುರುಳಿಕಾಯಿಯ ಎಲೆ ಮುದುಡಿಸುತ್ತವೆ. ಎನ್‌ಪಿಒಪಿ (ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಡಿಯ ಇನ್‌ಸ್ಪೆಕ್ಟರ್ ಬರಲಿ, ಪರಸ್ಪರ ತಪಾಸಣೆ ಮಾಡಿಕೊಳ್ಳುವ ಪಿಜಿಎಸ್ ಗುಂಪಿನ ರೈತರೇ ಬರಲಿ, ಕೇಳುವುದು ಒಂದೇ: ಇದರಲ್ಲಿ ಏನು ಹೋಯಿತು, ಎಲ್ಲಿಂದ ಬಂತು, ಯಾವ ತಾಕಿಗೆ ಹಾಕಿದಿರಿ? ಪ್ರತಿ ಚೀಲಕ್ಕೆ ಬಣ್ಣದಲ್ಲಿ ಸಂಖ್ಯೆ ಬರೆದು, ತುಂಬಿದ ದಿನ, ಸರಕಿನ ಮೂಲ ಮತ್ತು ತೂಕ, ಹುಳು ಬಿಟ್ಟ ದಿನ, ತೆಗೆದ ತೂಕ, ಹಾಕಿದ ತಾಕಿನ ಸರ್ವೆ ನಂಬರ್ ನೋಟ್‌ಬುಕ್ಕಿನಲ್ಲಿ ಬರೆಯುತ್ತ ಹೋಗಿ. ದನಕ್ಕೆ ಔಷಧ ಕೊಟ್ಟ ದಿನವೂ ಅದೇ ಪುಟದಲ್ಲಿ ಇರಲಿ.

ಮೂರು ದನ ದಿನಕ್ಕೆ 30–35 ಕೆಜಿ ಸಗಣಿ ಹಾಕುತ್ತವೆ. ಒಂದು ಚೀಲಕ್ಕೆ ಸರಕು ಕೂಡಲು ತಿಂಗಳು ಬೇಕು, ಮಾಗಲು ಎರಡೂವರೆ ತಿಂಗಳು. ಹಾಗಾಗಿ ಎರಡು ಚೀಲ ಕೊಂಡರೆ ಕೆಲಸ ನಿಲ್ಲುವುದಿಲ್ಲ, ಒಂದರಲ್ಲಿ ಉಳಿದ ಹುಳುವೇ ಇನ್ನೊಂದಕ್ಕೆ ಬಿತ್ತನೆಯಾಗುತ್ತದೆ. ನೆರಳಿನಲ್ಲಿಟ್ಟ ದಪ್ಪ ಚೀಲ ನಾಲ್ಕೈದು ವರ್ಷ ತಾಳುತ್ತದೆ. ಬಟ್ಟೆಯನ್ನು ಉಗುರಿನಲ್ಲಿ ಕೆರೆದಾಗ ಬಿಳಿ ಪುಡಿ ಉದುರಿದರೆ ಇನ್ನು ತೇಪೆ ಹಾಕುತ್ತ ಕೂರಬೇಡಿ, ಆ ಪ್ಲಾಸ್ಟಿಕ್ ಪುಡಿ ಗೊಬ್ಬರದ ಜೊತೆ ಹೊಲಕ್ಕೇ ಹೋಗುತ್ತದೆ. ಅಂಥ ಚೀಲವನ್ನು ಖಾಲಿ ಮಾಡಿ, ತೊಳೆದು, ಗುಜರಿಗೆ ಕೊಡಿ.