ದಾವಣಗೆರೆ–ದುರ್ಗ ದಾರಿಗೆ ಯಾವ ಹಳೆ ಗಾಡಿ? ಯೆಜ್ಡಿ, ಬುಲೆಟ್, ಆರ್‌ಎಕ್ಸ್

ಹಳೆ ಗಾಡಿ ಕೊಳ್ಳಬೇಕು ಅನ್ನುವವರು ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಬಾಯಲ್ಲಿ ಬರುವುದು ಮೂರೇ ಹೆಸರು: ಯೆಜ್ಡಿ ರೋಡ್‌ಕಿಂಗ್, ಬಲಗಾಲಿಗೆ ಗೇರು ಇರುವ ಹಳೆ ಬುಲೆಟ್ 350, ಯಮಹಾ ಆರ್‌ಎಕ್ಸ್ 100. ರೋಡ್‌ಕಿಂಗ್ ನನ್ನದು. ಬುಲೆಟ್ ನಮ್ಮ ಮಾವನದು, ಆರ್‌ಎಕ್ಸ್ ಗೆಳೆಯನದು. ಮೂರನ್ನೂ ಒಂದೇ ದಾರಿಯಲ್ಲಿ ಓಡಿಸಿ ನೋಡಿದ್ದೇನೆ. ಆನಗೋಡು, ಭರಮಸಾಗರ ದಾಟಿ ದುರ್ಗ (ಚಿತ್ರದುರ್ಗ), ಆಮೇಲೆ ಜೋಗಿಮಟ್ಟಿ ಬೆಟ್ಟದ ಏರು.

ಆರ್‌ಎಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. 98 ಸಿಸಿ, 11 ಅಶ್ವಶಕ್ತಿ, ತೂಕ 100 ಕೆಜಿ ಹತ್ತಿರ. ಅಷ್ಟು ಹಗುರವಾಗಿರುವುದರಿಂದಲೇ ಆ ಪಿಕಪ್. ದಾವಣಗೆರೆ ಪೇಟೆಯ ಪಿ.ಬಿ. ರಸ್ತೆಯ ಸಂದಣಿಯಲ್ಲಿ ಇದನ್ನು ಮೀರಿಸುವ ಗಾಡಿ ಇಲ್ಲ. ಆದರೆ ಆಷಾಢದಲ್ಲಿ ದುರ್ಗದಿಂದ ವಾಪಸ್ ಬನ್ನಿ. ದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸುವ ಅದೇ ಗಾಳಿ ಎಡಗಡೆಯಿಂದ ಬಂದು ಹೊಡೆಯುತ್ತದೆ. ಪಕ್ಕದಲ್ಲಿ ಲಾರಿ ಹಾದುಹೋದರೆ ಗಾಡಿ ಅರ್ಧ ಅಡಿ ಸರಿಯುತ್ತದೆ. ಹಿಂದೆ ಒಬ್ಬರು ಕೂತಿದ್ದರೆ ಇನ್ನೂ ಕಷ್ಟ.

ಬುಲೆಟ್ ಇದಕ್ಕೆ ಪೂರ್ತಿ ಉಲ್ಟಾ. 160 ಕೆಜಿ ದಾಟುವ ಗಾಡಿ, ಗಾಳಿಗೆ ಜಗ್ಗುವುದಿಲ್ಲ. 18 ಅಶ್ವಶಕ್ತಿ ಅಂದರೆ ಕಾಗದದ ಮೇಲೆ ದೊಡ್ಡದಲ್ಲ. ಆದರೆ ಇಂಜಿನ್ ನಿಧಾನ ತಿರುಗುವಾಗಲೇ ಎಳೆತ ಸಿಗುತ್ತದೆ, ಜೋಗಿಮಟ್ಟಿ ಏರಿನಲ್ಲಿ ಪದೇ ಪದೇ ಗೇರು ಇಳಿಸಬೇಕಾಗಿಲ್ಲ. ಇಳಿಯುವಾಗಂತೂ ಇದೇ ಮೇಲು. ಫೋರ್ ಸ್ಟ್ರೋಕ್ ಇಂಜಿನ್ ತಾನೇ ಗಾಡಿಯನ್ನು ಹಿಡಿಯುತ್ತದೆ. ಟೂ ಸ್ಟ್ರೋಕ್‌ನಲ್ಲಿ (ಯೆಜ್ಡಿ, ಆರ್‌ಎಕ್ಸ್ ಎರಡೂ ಅದೇ) ಆ ಹಿಡಿತ ಕಡಿಮೆ, ಪೂರ್ತಿ ಬ್ರೇಕನ್ನೇ ನಂಬಬೇಕು. ಅದೂ ಅಲ್ಲದೆ ಯೆಜ್ಡಿಯಲ್ಲಿ ಆಯಿಲ್ ಪೆಟ್ರೋಲ್ ಜೊತೆಗೇ ಹೋಗುವುದು. ಉದ್ದ ಇಳಿಜಾರಿನಲ್ಲಿ ಎಕ್ಸಿಲರೇಟರ್ ಮುಚ್ಚಿಕೊಂಡೇ ಬಂದರೆ ಇಂಜಿನ್‌ಗೆ ಆಯಿಲ್ ಕೂಡ ಕಡಿಮೆ. ನಾನು ಮಧ್ಯೆ ಮಧ್ಯೆ ಸ್ವಲ್ಪ ರೇಸ್ ಕೊಟ್ಟುಕೊಂಡು ಇಳಿಯುತ್ತೇನೆ.

ಇಷ್ಟೆಲ್ಲ ಇದ್ದರೂ ನಾನು ಆರಿಸುವುದು ಯೆಜ್ಡಿಯನ್ನೇ. 250 ಸಿಸಿ, 16 ಅಶ್ವಶಕ್ತಿ, ಎರಡು ಸೈಲೆನ್ಸರ್. ಹೈವೇಯಲ್ಲಿ 60–70ರ ವೇಗಕ್ಕೆ ಬಂದಮೇಲೆ ಇಂಜಿನ್ ನಯವಾಗಿ ತಿರುಗುತ್ತದೆ, ಬುಲೆಟ್‌ನಷ್ಟು ಕೈ ಜೋಮು ಹಿಡಿಯುವುದಿಲ್ಲ. ಗಾಳಿಗೂ ಸಾಕಷ್ಟು ತೂಕ ಇದೆ, ಪೇಟೆಯಲ್ಲಿ ತಿರುಗಿಸಲು ಭಾರವೂ ಅಲ್ಲ. ಕಿಕ್ಕರ್, ಗೇರು ಎರಡೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕರ್, ಸ್ಟಾರ್ಟ್ ಆದಮೇಲೆ ಇಳಿಸಿದರೆ ಗೇರು. ಗೇರು ಒತ್ತಿದರೆ ಕ್ಲಚ್ಚು ತಾನಾಗೇ ಬಿಡುತ್ತದೆ. ಈ ಜಾಣತನ ಮೂಲತಃ ಚೆಕ್ ಕಂಪನಿ ಜಾವಾದ್ದು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಗಾಡಿಯ ಹಕ್ಕು ಕೊಂಡು ಶುರು ಮಾಡಿದ ಕಂಪನಿ ಅದು. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ Janeček, Wanderer; ಎರಡರ ಮೊದಲ ಎರಡೆರಡು ಅಕ್ಷರ ಸೇರಿ Jawa, ಜಾವಾ. ಅದೇ ಇಂಜಿನ್ ನಮ್ಮ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿಯ ಕೈಗೆ ಬಂದು ಯೆಜ್ಡಿ ಆಯಿತು. ಕನ್ನಡದ ನೆಲದಲ್ಲಿ ಹುಟ್ಟಿದ ಗಾಡಿ ಅನ್ನುವ ಪ್ರೀತಿ ನನಗೆ ಇದೆ, ಮುಚ್ಚಿಡುವುದಿಲ್ಲ.

ಖರ್ಚು? ಲೀಟರಿಗೆ 30 ಕಿಮೀ ದಾಟುವುದು ಅಪರೂಪ. ಪೆಟ್ರೋಲಿಗೆ ಬೆರೆಸುವ ಟು-ಟಿ ಆಯಿಲ್ ಬೇರೆ. ಸೈಲೆನ್ಸರ್ ಒಳಗೆ ಕಟ್ಟುವ ಕರಿಯನ್ನು ಆಗಾಗ ತೆಗೆಸಬೇಕು. ದುಡ್ಡು ಉಳಿಯಬೇಕು ಅನ್ನುವವರು ಈ ಮೂರನ್ನೂ ಬಿಟ್ಟು ಸುಮ್ನೆ ಸ್ಪ್ಲೆಂಡರ್ ತಗೊಳ್ಳಲಿ.

ಬಿಡಿಭಾಗದಲ್ಲಿ ಬುಲೆಟ್ ಗೆಲ್ಲುತ್ತದೆ, ಒಪ್ಪಬೇಕು. ಬುಲೆಟ್ ಮಾಡುತ್ತಿದ್ದ ಇಂಗ್ಲೆಂಡಿನ ಮೂಲ ಕಂಪನಿ ರಾಯಲ್ ಎನ್‌ಫೀಲ್ಡ್ 1970ರ ಆಸುಪಾಸಿನಲ್ಲಿ ಮುಚ್ಚಿದರೂ 1955ರಲ್ಲಿ ಮದ್ರಾಸಿನಲ್ಲಿ ಶುರುವಾದ ಕಾರ್ಖಾನೆ ನಿಲ್ಲಲಿಲ್ಲ. ಮೈಸೂರಿನ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. ಈಗ ಯೆಜ್ಡಿ ಹೆಸರಲ್ಲಿ ಮತ್ತೆ ಹೊಸ ಗಾಡಿ ಬರುತ್ತಿದೆ, ಆದರೆ ಅದು ಫೋರ್ ಸ್ಟ್ರೋಕ್, ಇಂಜಿನ್ ಭಾಗಗಳು ಹಳೆಯದಕ್ಕೆ ಕೂರುವುದಿಲ್ಲ. ಒಂದು ಅಂಗಡಿಯಲ್ಲಿ ನನಗೆ ಕೊಟ್ಟ ಪಿಸ್ಟನ್ ರಿಂಗ್ ತಿಂಗಳೊಳಗೆ ಸವೆದುಹೋಯಿತು. ಈಗ ಹಳೆ ಮೇಸ್ತ್ರಿ ಕೈಗೆ ಕೊಟ್ಟು ನೋಡಿಸದೆ ಏನೂ ಹಾಕಿಸುವುದಿಲ್ಲ.

ಯೆಜ್ಡಿ ನೋಡಲು ಹೋಗುವುದಾದರೆ ಇಂಜಿನ್ ತಣ್ಣಗಿರುವಾಗಲೇ ಹೋಗಿ, ನೀವೇ ಕಿಕ್ ಹೊಡೆಯಿರಿ. ಎರಡೂ ಸೈಲೆನ್ಸರಿನಿಂದ ಒಂದೇ ಸಮ ಹೊಗೆ ಬರುತ್ತದಾ ನೋಡಿ. ಇಂಜಿನ್ ನಂಬರು, ಛಾಸಿ ನಂಬರು ಆರ್‌ಸಿ ಜೊತೆ ತಾಳೆ ಆಗಬೇಕು. 15 ವರ್ಷ ದಾಟಿದ ಗಾಡಿಗೆ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಬೇಕು, ಅದು ಆಗಿರದಿದ್ದರೆ ಮಾರುವವರೇ ಮಾಡಿಸಿಕೊಡಲಿ, ಆಮೇಲೆ ದುಡ್ಡು ಕೊಡಿ.