ಬುಳುಬುಳು ಪೆಡಿಕ್ಯೂರ್ ಚೇರ್: ಎರಡೂವರೆ ವರ್ಷ ತೊಳೆದವಳ ಅನುಭವ

ಈ ಚೇರ್ ತಂದು ಹದಿನೈದು ದಿನಕ್ಕೇ ಐದು ಸ್ಟಾರ್ ಕೊಟ್ಟು ಬರೆದಿದ್ದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮೆತ್ತನೆ ಸೀಟು, ಬೆನ್ನಿಗೆ ಮಸಾಜ್, ಕಾಲಿಟ್ಟರೆ ಬುಳುಬುಳು ಬಿಸಿನೀರು. ಆದರೆ ಆ ಹದಿನೈದು ದಿನದಲ್ಲಿ ನಾನು ಅದರ ಜಾಲರಿ ಬಿಚ್ಚಿ ನೋಡಿರಲಿಲ್ಲ. ಈಗ ಎರಡೂವರೆ ವರ್ಷ ಬಿಚ್ಚಿ, ಉಜ್ಜಿ, ತೊಳೆದಿದ್ದೇನೆ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ.

ನಮ್ಮದು ತುಮಕೂರಿನ ಎಸ್.ಎಸ್.ಪುರಂ ಕಡೆ ಸಣ್ಣ ಪಾರ್ಲರ್. ನಾನು ಮತ್ತೆ ಇಬ್ಬರು ಹುಡುಗಿಯರು. ಮೊದಲು ಸಾದಾ ಪ್ಲಾಸ್ಟಿಕ್ ಟಬ್ ಇತ್ತು. ಬಕೆಟ್ ಹೊತ್ತು ಹೊತ್ತು ಮೂವರಿಗೂ ಸೊಂಟ ನೋವು. ₹46,000 ಕೊಟ್ಟು ಈ ಜೆಟ್ ಚೇರ್ ತಂದೆವು. ಕಂಪನಿ ಹೆಸರು ಬರೆಯುವುದಿಲ್ಲ. ಪೈಪ್‌ನಲ್ಲಿ ನೀರು ಸುತ್ತಿಸುವ ಚೇರ್ ಯಾವುದೇ ಇರಲಿ, ಕಥೆ ಹೆಚ್ಚು ಕಡಿಮೆ ಇದೇ.

ಟಬ್ಬಿನ ಪಕ್ಕದಲ್ಲಿ ಅಂಗೈಯಗಲದ ಒಂದು ಜಾಲರಿ ಇರುತ್ತದೆ. ಒಳಗಿನ ಮೋಟಾರ್ ಅಲ್ಲಿಂದ ನೀರು ಎಳೆದು, ಪೈಪ್‌ನಲ್ಲಿ ಕಳಿಸಿ, ಜೆಟ್‌ಗಳಿಂದ ಚಿಮ್ಮಿಸುತ್ತದೆ. ಚಿಮ್ಮುವುದು ಹೊಸ ನೀರಲ್ಲ, ಕಾಲು ನೆನೆಸಿದ ನೀರೇ. ಉಜ್ಜಿದ ಚರ್ಮ, ಕೂದಲು, ಎಣ್ಣೆ, ಸ್ಕ್ರಬ್ಬಿನ ಪುಡಿ ಎಲ್ಲಾ ಅದರ ಜೊತೆ ಒಳಗೆ ಹೋಗುತ್ತವೆ. ಟಬ್ ಖಾಲಿ ಮಾಡಿದರೂ ಪೈಪ್ ಪೂರ್ತಿ ಖಾಲಿ ಆಗುವುದಿಲ್ಲ.

ನಾಲ್ಕನೇ ತಿಂಗಳು, ಒಂದು ಸೋಮವಾರ ಬೆಳಗ್ಗೆ ಮೋಟಾರ್ ಹಾಕಿದ ಕೂಡಲೇ ಮುಗ್ಗಲು ವಾಸನೆ ಬಂತು. ಚರಂಡಿ ವಾಸನೆ ಇರಬೇಕು ಅಂದುಕೊಂಡೆ. ನಮ್ಮ ಹುಡುಗಿ ಸ್ಕ್ರೂಡ್ರೈವರ್ ತಂದು ಜಾಲರಿ ತೆಗೆದಳು. "ಅಕ್ಕಾ, ಇಲ್ನೋಡಿ" ಅಂದಳು, ಅಷ್ಟೇ, ಮುಂದೆ ಮಾತೇ ಹೊರಡಲಿಲ್ಲ. ಜಾಲರಿ ಹಿಂದೆ ಬೂದು ಬಣ್ಣದ ಲೋಳೆ. ತಣ್ಣಗಾದ ಅಂಬಲಿ ಥರ ಬೆರಳಿಗೆ ಅಂಟಿತು. ಅದರೊಳಗೆ ಉಂಡೆಕಟ್ಟಿದ ಕೂದಲು, ಮಧ್ಯದಲ್ಲಿ ಕಪ್ಪಾದ ಒಂದು ಗುಲಾಬಿ ಎಸಳು. ಮೂರು ವಾರದ ಹಿಂದೆ ಒಬ್ಬ ಮದುಮಗಳಿಗೆ ಅಂತ ನೀರಿಗೆ ಹಾಕಿದ್ದ ಗುಲಾಬಿ ಅದು. ಆಮೇಲೆ ಎಷ್ಟು ಜನ ಆ ನೀರಲ್ಲಿ ಕಾಲಿಟ್ಟಿದ್ದಾರೋ! ಹೊರಗೆ ಟಬ್ ಮಾತ್ರ ಕನ್ನಡಿ ಥರ ಹೊಳೆಯುತ್ತಿತ್ತು.

ಮೈಕ್ರೋಬಯಾಲಜಿ ಓದುವ ನಮ್ಮಕ್ಕನ ಮಗಳಿಗೆ ಫೋಟೋ ಕಳಿಸಿದೆ. ಸಂಜೆ ಫೋನ್ ಮಾಡಿ ಒಂದು ಕಥೆ ಹೇಳಿದಳು. 2000ದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್ ಊರಲ್ಲಿ ಒಂದೇ ನೇಲ್ ಸಲೂನ್‌ಗೆ ಹೋದ ನೂರಕ್ಕೂ ಹೆಚ್ಚು ಜನರಿಗೆ ಮೊಣಕಾಲಿನ ಕೆಳಗೆ ಕುರು ಎದ್ದಿತಂತೆ. ವಾಸಿಯಾಗಲು ತಿಂಗಳುಗಟ್ಟಲೆ ಹಿಡಿಯಿತು. ಕಾರಣ ಮೈಕೋಬ್ಯಾಕ್ಟೀರಿಯಂ ಫಾರ್ಚುಯಿಟಮ್ ಅನ್ನುವ ರೋಗಾಣು. ಟಿಬಿ ರೋಗಾಣುವಿನ ದೂರದ ನೆಂಟ, ನೀರು ಮಣ್ಣಿನಲ್ಲಿ ಸಾಮಾನ್ಯವಾಗಿ ಇರುವಂಥದ್ದೇ. ಅಲ್ಲಿಯೂ ಜಾಲರಿ ಬಿಚ್ಚಿ ನೋಡಿದಾಗ ಹಿಂದೆ ಕೂದಲು, ಚರ್ಮದ ಚೂರು ಮೆತ್ತಿಕೊಂಡಿತ್ತು. ಪೆಡಿಕ್ಯೂರ್‌ಗೆ ಮೊದಲು ರೇಜರ್‌ನಿಂದ ಕಾಲು ಶೇವ್ ಮಾಡಿಕೊಂಡು ಬಂದವರಿಗೆ ಕಾಟ ಜಾಸ್ತಿ ಆಗಿತ್ತು.

ಇದನ್ನು ಕೇಳಿ ನನಗೆ ಎದೆ ಧಸಕ್ಕೆಂದಿತು. ಯಾಕೆಂದರೆ ಮದುಮಗಳ ಪ್ಯಾಕೇಜಿನಲ್ಲಿ ನಾವು ಮೊದಲು ವ್ಯಾಕ್ಸಿಂಗ್, ಆಮೇಲೆ ಪೆಡಿಕ್ಯೂರ್ ಮಾಡುತ್ತಿದ್ದೆವು. ಕೂದಲು ಕಿತ್ತ ರಂಧ್ರ ಬಿಟ್ಟುಕೊಂಡಿರುವ ಕಾಲನ್ನು ಸೀದಾ ಆ ನೀರಿಗೇ ಇಡಿಸಿದ ಹಾಗೆ. ಅವತ್ತೇ ಸರದಿ ತಿರುಗಿಸಿದೆವು. ಈಗ ಮೊದಲು ಪೆಡಿಕ್ಯೂರ್, ಕೊನೆಗೆ ವ್ಯಾಕ್ಸ್. ಮನೆಯಲ್ಲೇ ಶೇವ್ ಮಾಡಿಕೊಂಡು ಬಂದವರಿಗೆ "ನಾಳೆ ಬನ್ನಿ" ಅನ್ನುತ್ತೇವೆ. ಕಾಲಲ್ಲಿ ಗಾಯ ಇದ್ದರೂ ನೀರಿಗಿಡಿಸುವುದಿಲ್ಲ. ಶುಗರ್ ಇರುವವರಿಗೆ ಡಾಕ್ಟರನ್ನು ಕೇಳಿಕೊಂಡು ಬರಲು ಹೇಳುತ್ತೇವೆ. ಕೆಲವರು ಮುನಿಸಿಕೊಂಡು ಹೋಗಿದ್ದೂ ಉಂಟು.

ಇನ್ನು ತೊಳೆಯುವ ಕೆಲಸ. ಒಬ್ಬರು ಎದ್ದ ಮೇಲೆ ನೀರು ಹೊರಗೆ ಬಿಡಬೇಕು, ಸೋಪು ಹಾಕಿ ಬ್ರಷ್‌ನಲ್ಲಿ ಉಜ್ಜಬೇಕು, ಸೋಪು ಹೋಗುವ ಹಾಗೆ ತೊಳೆಯಬೇಕು. ಆಮೇಲೆ ಜೆಟ್ ಮುಳುಗುವಷ್ಟು ನೀರು ತುಂಬಿ, ಬಾಟಲಿ ಮೇಲಿನ ಅಳತೆಗೆ ಡಿಸಿನ್ಫೆಕ್ಟೆಂಟ್, ಅಂದರೆ ರೋಗಾಣು ಕೊಲ್ಲುವ ಔಷಧಿ ಹಾಕಿ, 10 ನಿಮಿಷ ಮೋಟಾರ್ ಓಡಿಸಬೇಕು. ಸೋಪು ಉಳಿದಿದ್ದರೆ ನಾವು ಬಳಸುವ ಔಷಧಿಯ ಶಕ್ತಿ ಇಳಿದುಹೋಗುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ದಿನ ಎರಡನ್ನೂ ಒಟ್ಟಿಗೇ ಸುರಿದು ದುಡ್ಡು ನೀರಿಗೆ ಹಾಕಿದ್ದೇವೆ. ರಾತ್ರಿ ಬಾಗಿಲು ಹಾಕುವ ಮೊದಲು ಜಾಲರಿ ಬಿಚ್ಚಿ ಹಿಂದೆಲ್ಲಾ ಉಜ್ಜಿ, ಹೈಪೋ, ಅಂದರೆ ರೋಗಾಣು ಕೊಲ್ಲುವ ಕ್ಲೋರಿನ್ ಬ್ಲೀಚ್ ಹಾಕಿ ಇನ್ನೊಂದು ಸುತ್ತು. (ಪಾರ್ಲರ್‌ನಲ್ಲಿ ಬ್ಲೀಚ್ ಅಂದರೆ ಮುಖಕ್ಕೆ ಹಚ್ಚುವುದು. ಗೊಂದಲ ಬೇಡ ಅಂತ ಇದಕ್ಕೆ ಆಸ್ಪತ್ರೆಯವರ ಥರ ಹೈಪೋ ಅನ್ನುತ್ತೇವೆ.) ಅದನ್ನು ಬಿಸಿಲು ಬೀಳುವ ಕಿಟಕಿ ಹತ್ತಿರ ಇಡಬೇಡಿ, ದಿನ ಕಳೆದ ಹಾಗೆ ಸಪ್ಪೆಯಾಗುತ್ತದೆ. ಅದರಿಂದ ಜಾಲರಿಯ ಸ್ಕ್ರೂಗಳೂ ತುಕ್ಕು ಹಿಡಿದವು. ಮಂಡಿಪೇಟೆಯಲ್ಲಿ ಸ್ಟೀಲಿನವು ತಂದು ಹಾಕಿದೆ.

ಒಬ್ಬರ ಹಿಂದೆ ಇದಕ್ಕೆಲ್ಲಾ ಇಪ್ಪತ್ತು ನಿಮಿಷ. ಮದುವೆ ಸೀಸನ್‌ನಲ್ಲಿ ಸೋಫಾ ಮೇಲೆ ನಾಲ್ಕು ಜನ ಕಾಯುತ್ತಿರುವಾಗ ಆ ಹತ್ತು ನಿಮಿಷ ಮೂರಾಗುತ್ತದೆ. ನಮ್ಮಲ್ಲೂ ಆಗಿದೆ, ಮುಚ್ಚಿಡುವುದೇನು?

ಇದರ ಜೊತೆಗೆ ನಮ್ಮೂರ ನೀರು. ಹೇಮಾವತಿ ನೀರು ಬಂದ ದಿನ ಪರವಾಗಿಲ್ಲ. ಉಳಿದ ದಿನ ಬೋರ್‌ವೆಲ್ಲೇ ಗತಿ. ಗಡಸು ನೀರು, ಎರಡೇ ವಾರಕ್ಕೆ ಜೆಟ್ಟಿನ ಬಾಯಿಗೆ ಬಿಳೀ ಪೊರೆ ಕಟ್ಟುತ್ತದೆ. ಆ ಪೊರೆಯ ಮರೆಯಲ್ಲಿ ಲೋಳೆ ಬೇಗ ಸೇರಿಕೊಳ್ಳುತ್ತದೆ. ಒಂದು ದಿನ ಇನ್ನೊಬ್ಬ ಹುಡುಗಿ ಆ ಬಿಳಿ ತೆಗೆಯೋಣ ಅಂತ, ಟಬ್ಬಿನಲ್ಲಿ ಹೈಪೋ ಇರುವಾಗಲೇ ಬಾತ್‌ರೂಮಿನ ಆಸಿಡ್ ಸುರಿದುಬಿಟ್ಟಳು. ಗಂಟಲು ಹಿಡಿದುಕೊಂಡಿತು, ಕಣ್ಣಲ್ಲಿ ನೀರು. ಎಲ್ಲರೂ ಹೊರಗೆ ಓಡಿ, ಬಾಗಿಲು ಕಿಟಕಿ ತೆರೆದಿಟ್ಟು ಮುಕ್ಕಾಲು ಗಂಟೆ ಮೆಟ್ಟಿಲ ಮೇಲೆ ಕೂತಿದ್ದೆವು. ಎರಡೂ ಸೇರಿದರೆ ಬರುವುದು ಕ್ಲೋರಿನ್ ಗ್ಯಾಸ್. ಈಗ ಪೊರೆಗೆ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರು, ಅದೂ ಭಾನುವಾರ ಮಾತ್ರ. ಅವತ್ತು ಹೈಪೋ ಬಾಟಲಿ ಬೀರುವಿನಲ್ಲಿ, ಬೀಗದ ಕೈ ನನ್ನ ಹತ್ತಿರ.

ಹೋದ ವರ್ಷ ಟಬ್ಬಿಗೆ ಹಾಸುವ ಪ್ಲಾಸ್ಟಿಕ್ ಲೈನರ್ ತರಿಸಿದೆ. ಒಬ್ಬರಿಗೆ ಒಂದು, ಆಮೇಲೆ ಕಸಕ್ಕೆ. ಹಾಕಿ ನೋಡಿದರೆ ಅದು ಜಾಲರಿ, ಜೆಟ್ ಎರಡನ್ನೂ ಮುಚ್ಚಿಬಿಡುತ್ತದೆ. ಅಂದರೆ ಬುಳುಬುಳು ಇಲ್ಲ. ಯಾವುದಕ್ಕೆ ₹46,000 ಕೊಟ್ಟೆನೋ ಅದೇ ಇಲ್ಲ! ಒಂದು ವಾರ ಒದ್ದಾಡಿ, ಕೊನೆಗೆ ಒಳಗೆಲ್ಲಾ ಕೊನೆಯ ಸಲ ಹೈಪೋ ಓಡಿಸಿ ಒಣಗಿಸಿ, ಮೋಟಾರ್ ವೈರ್ ತೆಗೆಸಿದೆ. ಈಗ ಲೈನರ್ ಹಾಸಿ, ಬಿಸಿನೀರು ಬಿಡುತ್ತೇವೆ. ಲೈನರ್ ತೆಗೆದ ಮೇಲೂ ಟಬ್ ತೊಳೆದು, ಔಷಧಿ ಸವರಿ 10 ನಿಮಿಷ ಒದ್ದೆಯಾಗಿಯೇ ಬಿಡುತ್ತೇವೆ. ಆದರೆ ಕಣ್ಣಿಗೆ ಕಾಣದ ಜಾಗ ಅಂತ ಯಾವುದೂ ಉಳಿದಿಲ್ಲ. ದಿನಾ ಒಂದು ಚೀಲ ಪ್ಲಾಸ್ಟಿಕ್ ಕಸ ಆಗುತ್ತದೆ, ಆ ಬೇಜಾರು ಇದ್ದೇ ಇದೆ.

ಹಾಗಾದರೆ ಚೇರ್ ಹೇಗಿದೆ? ಸೀಟು ಇವತ್ತಿಗೂ ಹರಿದಿಲ್ಲ, ಬೆನ್ನಿನ ಮಸಾಜ್ ಒಂದು ದಿನವೂ ಕೆಟ್ಟಿಲ್ಲ, ನೀರು ಬಿಡುವ ಕೊಳವೆ ಕಟ್ಟಿಕೊಂಡಿಲ್ಲ. ಕೂರುವ ಚೇರ್ ಅಂತ ಕೇಳಿದರೆ ನಾಲ್ಕು ಸ್ಟಾರ್. ಜೆಟ್‌ಗೆ ಒಂದು. ಹೊಸದಾಗಿ ಕೊಳ್ಳುವವರು ಅಂಗಡಿಯಲ್ಲೇ ಜಾಲರಿ ಬಿಚ್ಚಿ ತೋರಿಸಿ ಅನ್ನಿ. ಪೈಪ್ ಇಲ್ಲದೆ, ಬಿಚ್ಚಿ ತೊಳೆಯುವ ಜೆಟ್ ಇರುವ ಚೇರ್‌ಗಳೂ ಬರುತ್ತವೆ. ದುಡ್ಡು ಜಾಸ್ತಿ, ಅವನ್ನೂ ದಿನಾ ಬಿಚ್ಚಲೇಬೇಕು.

ಮೊನ್ನೆ ಹಳೇ ಕಸ್ಟಮರ್ ಒಬ್ಬರು ಬಂದು ಕಾಲಿಟ್ಟು ಐದು ನಿಮಿಷ ಕಾದರು. "ಏನಮ್ಮಾ, ಬುಳುಬುಳು ಬರಲ್ವಾ?" ಅಂದರು. ಆ ಹಳೇ ಫೋಟೋ ಮೊಬೈಲಿನಲ್ಲಿ ಇನ್ನೂ ಇದೆ. ತೋರಿಸಿದೆ. "ಥೂ, ಬೇಡ ಕಣಮ್ಮ, ಮುಚ್ಚು" ಅಂದು ಪುಸ್ತಕ ಕೈಗೆತ್ತಿಕೊಂಡರು.